ನಿನ್ನ ಮೂಗಿನ ನೇರಕ್ಕೆ

ಅಣ್ಣಾ,

ಬೆಳಿಗ್ಗೆ ನೀನು ಕಾರಿಕೊಂಡದ್ದು ಹೊಟ್ಟೆಯ ರಕ್ತವಲ್ಲ, ಮೂಗಿನದು. ತಲೆ ಹಿಂದಕ್ಕೆ ವಾಲಿಸಿ, ಛಾವಣಿ ನೋಡುತ್ತ ನುಂಗಿದ್ದೇ ವಾಪಸ್ ಬಂತು. ಸಾಮಾನ್ಯವಾಗಿ ಒಡೆಯುವ ನಾಳಗಳು ಮೂಗಿನ ಮುಂಭಾಗದಲ್ಲಿರುತ್ತವೆ. ನೀನು ಹಿಡಿದದ್ದು ಮೇಲಿನ ಮೂಳೆಯನ್ನು. ಎಲ್ಲವನ್ನೂ ನಿನ್ನ ಮೂಗಿನ ನೇರಕ್ಕೇ ನೋಡುವವನಿಗೆ ಮೂಗು ಎಲ್ಲಿದೆ ಅಂತಾದರೂ ಗೊತ್ತಿರಬೇಡವೇ?

ಮತ್ತೆ ಬಂದರೆ ಮುಂದಕ್ಕೆ ಬಾಗಿ, ಮೆತ್ತಗಿನ ಭಾಗವನ್ನು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿ. ಆಗಲೂ ನಿಲ್ಲದಿದ್ದರೆ ಓಡಬೇಕಾದದ್ದು ಆಸ್ಪತ್ರೆಗೆ, ಫೋನಿನ ಹತ್ತಿರಕ್ಕಲ್ಲ.

"ರಕ್ತ ಕಾರಿಕೊಂಡೆ" ಅಂತ ಅಮ್ಮನಿಗೆ ವರದಿ ಒಪ್ಪಿಸಿದ್ದೀಯ. ಅವಳು ಇವತ್ತಿನ ಕಣ್ಣಿನ ಆಪರೇಷನ್ ಬಿಟ್ಟು ಹನ್ನೊಂದರ ಬಸ್ಸಿಗೆ ಹೊರಟಿದ್ದಾಳೆ. ನನ್ನ ಮಾತು ನಂಬುತ್ತಿಲ್ಲ. ಹತ್ತರೊಳಗೆ ನೀನೇ ಫೋನ್ ಮಾಡಿ ತಿದ್ದುಪಡಿ ಹೇಳು: "ಅಮ್ಮಾ, ಮೂಗಿನಿಂದ ರಕ್ತ ಸೋರಿತು, ನಿಂತಿತು."

ಅಳಬೇಡ. ಅತ್ತರೆ ಅವಳು ಬಸ್ ಹತ್ತೇ ಹತ್ತುತ್ತಾಳೆ.