ನೂರಕ್ಕೆ ನಾಲ್ಕು

ಗೆಳೆಯ ವೀರಭದ್ರ,

ಸಂಕ್ರಾಂತಿ ಮುಗಿದ ಮೊದಲ ಭಾನುವಾರ, ನಾರಾಯಣಖೇಡದ ಕಲ್ಯಾಣ ಮಂಟಪದಲ್ಲಿ, ತುಂಬಿದ ಸಭೆಯ ಎದುರು ಒಬ್ಬ ಹುಡುಗಿ ನಿನ್ನನ್ನು ಒಂದು ಪ್ರಶ್ನೆ ಕೇಳಿದಳು. ನೀನು ಉತ್ತರ ಕೊಡಲಿಲ್ಲ. ಸಭೆಯನ್ನು ನಗಿಸಿ ಅವಳನ್ನು ಕೂರಿಸಿದೆ. ನೀನು ಮಾಡಿದ ಅನ್ಯಾಯ ಇದು. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ, ಯಾಕೆಂದರೆ ಈ ಪತ್ರವನ್ನು ಹಿಂದೆ ಶುರು ಮಾಡಿದಾಗಲೆಲ್ಲ ಮನೆಮಂದಿಯ ಕ್ಷೇಮ, ತೊಗರಿಯ ಧಾರಣೆ ಎಂದು ಸುತ್ತು ಹೊಡೆದು ಕೊನೆಗೆ ಹರಿದು ಹಾಕಿದ್ದೇನೆ. ಇನ್ನು ಸುತ್ತು ಹೊಡೆಯಲು ಸಮಯವಿಲ್ಲ. ಅರ್ಜಿ ಹಾಕಲು ಕಡೆಯ ದಿನ ಬರುವ ಸೋಮವಾರ.

ವೇದಿಕೆಯ ಮೇಲಿದ್ದವನಿಗೆ ಕಂಡದ್ದು ಬೇರೆ, ಮೂರನೇ ಸಾಲಿನಲ್ಲಿ ಕೂತ ನನಗೆ ಕಂಡದ್ದು ಬೇರೆ. ಆದ್ದರಿಂದ ನೆನಪಿಸುತ್ತೇನೆ. ಜಹೀರಾಬಾದಿನ ನಿನ್ನ ಮಾರ್ಗದರ್ಶನ ಕೇಂದ್ರದಿಂದ ದೊಡ್ಡ ಪರದೆ ತಂದಿದ್ದೆ. ಸಾವಿರಾರು ಮಂದಿ ಅರ್ಜಿ ಹಾಕಿ ಕೆಲವೇ ಜನ ಒಳಗೆ ಹೋಗುವಂಥ ಆ ವಿಶ್ವವಿದ್ಯಾಲಯದಲ್ಲಿ ನಮ್ಮ ಮಕ್ಕಳಿಗೆ ಸೀಟು ಸಿಗುವ ಸಾಧ್ಯತೆ ಎಷ್ಟು ಎಂದು ಒಬ್ಬೊಬ್ಬರ ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂದು ತೋರಿಸಿದೆ. ಹಸಿರು ಬಣ್ಣ ಬಂದವರು ಅರ್ಜಿ ಹಾಕಬೇಕು, ಹಳದಿಯವರು ವಿಚಾರ ಮಾಡಬೇಕು, ಕೆಂಪಿನವರು ಆಸೆ ಬಿಡಬೇಕು. ಹಸಿರು ಬಂದಾಗ ಚಪ್ಪಾಳೆ. ಕೆಂಪು ಬಂದಾಗ ಅಪ್ಪಂದಿರು ನೆಲ ನೋಡುತ್ತಿದ್ದರು.

ಭವಾನಿ, ನಾರಾಯಣಖೇಡ, ನೂರಕ್ಕೆ ನಾಲ್ಕು. ಕೆಂಪು.

ಭವಾನಿ ಯಾರೆಂದು ನೀನು ಕೇಳಲಿಲ್ಲ. ಕುರಿ ಸಾಕುವ ಬಂಡೆಪ್ಪನ ಮಗಳು. ಬಿತ್ತನೆಗೆ ಮುಂಚೆ ಅವರ ಹಿಂಡು ನಮ್ಮ ಹೊಲದಲ್ಲೇ ತಂಗುತ್ತದೆ. ಹಿಂಡು ಗಡಿಯಾಚೆ ಬೀದರದ ಕಡೆ ಇದ್ದಾಗ ಅವಳು ಕನ್ನಡ ಶಾಲೆಯಲ್ಲಿ ಓದಿದಳು, ಮೊಗುಡಂಪಲ್ಲಿಗೆ ಬಂದಾಗ ತೆಲುಗು ಶಾಲೆಯಲ್ಲಿ, ಈಗ ಖೇಡದ ಕಾಲೇಜಿನಲ್ಲಿ. ಹಿಂಡಿನ ಹಿಂದೆ ಶಾಲೆ ಬದಲಾಯಿತು, ಭಾಷೆ ಬದಲಾಯಿತು, ಗಣಿತ ಮಾತ್ರ ಅವಳ ಜೊತೆಗೇ ನಡೆಯಿತು. ನಿನ್ನ ಪರದೆಯಲ್ಲಿ ಇದಕ್ಕೆ ‘ಓದಿನಲ್ಲಿ ನಿರಂತರತೆ ಇಲ್ಲ’ ಎಂದು ಹೆಸರು. ನನ್ನ ಬೇಳೆ ಅಂಗಡಿಯ ಹಿಂದಿನ ಕೋಣೆಯಿಂದ ಪುಸ್ತಕ ಒಯ್ಯುತ್ತಾಳೆ, ತಿರುಗಿ ಕೊಡುವಾಗ ಪುಸ್ತಕದೊಳಗಿನ ತಪ್ಪನ್ನೂ ಹಿಡಿದು ತರುತ್ತಾಳೆ. ಅವಳಿಗೆ ಗಣಿತ ಓದಬೇಕು, ಅಲ್ಲೇ ಓದಬೇಕು. ಬೇರೆ ಆಸೆ ಇಲ್ಲ.

ಅವಳು ಎದ್ದು ನಿಂತಳು. “ಸರ, ನಮ್ಮ ಖೇಡದಿಂದ ಇಲ್ಲೀತನಕ ಎಷ್ಟು ಮಂದಿ ಅಲ್ಲಿಗೆ ಅರ್ಜಿ ಹಾಕ್ಯಾರ್ರಿ?” ಎಂದಳು.

ನೀನು ಪರದೆ ನೋಡಿ, “ಯಾರೂ ಇಲ್ಲವ್ವಾ” ಎಂದೆ.

“ಯಾರೂ ಹಾಕಿಲ್ಲಂದ್ರ ನಾಕು ಎಲ್ಲಿಂದ ಬಂತ್ರಿ? ಗೊತ್ತಿಲ್ಲ ಅಂತ ಬರೀಬೇಕಲ್ರಿ?”

ವೀರಭದ್ರ, ನಾನು ಇಷ್ಟು ವರ್ಷ ಓದಿಕೊಂಡು ಬಂದವನು. ಅಷ್ಟು ಸ್ವಚ್ಛವಾದ ಪ್ರಶ್ನೆಯನ್ನು ಆ ಸಭಾಂಗಣದಲ್ಲಿ ಹಿಂದೆಂದೂ ಕೇಳಿರಲಿಲ್ಲ. ನೀನೇನು ಮಾಡಿದೆ? ಮೈಕನ್ನು ಬಾಯಿಗೆ ಹತ್ತಿರ ತಂದು, “ಕುಂದ್ರ ತಂಗಿ, ನಾಕು ಬಂದದ್ದೇ ಭಾಳ ಆತು. ಲೆಕ್ಕ ಕಂಪ್ಯೂಟರ್ ಮಾಡ್ತದ, ನಾ ಅಲ್ಲ” ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಅವಳು ಕೂತಳು. ನಾನು ಎದ್ದೆ. ನೀನು, “ಊಟ ಆದಮ್ಯಾಲ ಮಾತಾಡೂಣು ರೇವಣ್ಣ” ಎಂದೆ. ಊಟ ಮುಗಿಯುವಷ್ಟರಲ್ಲಿ ನಿನ್ನ ಕಾರು ತಾಂಡೂರಿನ ಹಾದಿ ಹಿಡಿದಿತ್ತು. ಅಲ್ಲಿ ಮತ್ತೊಂದು ಸಭೆಯಂತೆ, ಮತ್ತೊಂದಿಷ್ಟು ಕೆಂಪು.

ಅಂದಿನಿಂದ ನನಗೆ ಅಂಗಡಿಯಲ್ಲಿ ಕೂರಲು ಆಗುತ್ತಿಲ್ಲ. ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳುತ್ತೇನೆ, ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ. ತೂಗಿದ್ದನ್ನೇ ತಿರುಗಿ ತೂಗುತ್ತೇನೆ. “ಕಾಲಾಗ ಚಕ್ರ ಅದಾವೇನ್ರಿ?” ಎಂದು ಹೆಂಡತಿ ಮಹಾನಂದಾ ರೇಗುತ್ತಾಳೆ.

ಕಡೆಗೆ ಬಂಡೆಪ್ಪನ ಹಟ್ಟಿಗೆ ಹೋದೆ. ಅರ್ಜಿ ಹಾಕಿಸೋಣ, ನಾನೇ ಜೊತೆಗೆ ಬರುತ್ತೇನೆ ಎಂದೆ. ಅವನು ಕೋಪ ಮಾಡಲಿಲ್ಲ. ಕಂಬಳಿ ಹಾಸಿ ಕೂರಿಸಿ ನಿಧಾನ ಹೇಳಿದ: “ಸಾಹೇಬ್ರು ನೂರರಾಗ ನಾಕು ಅಂದಾರ್ರಿ ಸಾವ್ಕಾರ್ರ. ಆ ಗುಡ್ಡಕ್ಕ ಬಿಟ್ಟ ನೂರು ಕುರಿಯೊಳಗ ನಾಕ ತಿರುಗಿ ಬರ್ತಾವ ಅಂದ್ರ, ನೀವಾದ್ರ ಬಿಡ್ತೀರೇನು?” ಅವನ ಹೆಂಡತಿ ಸುಭದ್ರಮ್ಮ ಒಲೆ ಮುಂದಿನಿಂದಲೇ ಕೂಗಿದಳು: “ಹಟ್ಟಿಗೇ ಬರಲಾರದ ಕುರಿ ಎಣಿಸ್ಯಾನ! ಎಂಥಾ ಶ್ಯಾಣ್ಯಾ ಅದಾನವ್ವಾ ನಿಮ್ಮ ಸಾಹೇಬ!” ಭವಾನಿ ನಗಲಿಲ್ಲ. ಮರಿಯೊಂದರ ಕಾಲಿಗೆ ಔಷಧ ಹಚ್ಚುತ್ತ ಕೂತಿದ್ದಳು. ಮುಖ ಎತ್ತದೆ, “ಅಪ್ಪಂದು ತಪ್ಪಿಲ್ರಿ ಕಾಕಾ. ಅವರು ಅಂಕಿ ಕೊಟ್ಟಾರ, ಇವ ನಂಬ್ಯಾನ” ಎಂದಳು.

ಹೊರಡುವಾಗ ಬಂಡೆಪ್ಪ ಹಾದಿವರೆಗೂ ಬಂದ. “ನಿಮ್ಮ ಮಾತು ಖರೇ ಇರಬಹುದ್ರಿ. ಆದ್ರ ಅವರು ಮೈಕಿನಾಗ ಹೇಳ್ಯಾರ, ನೀವು ಕಿವ್ಯಾಗ ಹೇಳಾಕತ್ತೀರಿ. ನಾಳೆ ಆಕಿ ಬಿದ್ದಳಂದ್ರ ಮಂದಿ ಏನಂತಾರ? ದೊಡ್ಡವರು ಮೊದಲೇ ಹೇಳಿದ್ರು, ಕುರುಬ ಕೇಳಲಿಲ್ಲ ಅಂತಾರ. ಆ ಸಾಹೇಬ್ರ ಬಾಯಿಂದನ ಬರಲಿ, ಮಗಳನ್ನ ನಾನ ಕರ್ಕೊಂಡು ಹೋಗ್ತೀನಿ” ಎಂದ.

ಮರುದಿನವೇ ಮೊದಲ ಬಸ್ಸಿಗೆ ಜಹೀರಾಬಾದಿಗೆ ಬಂದೆ. ನಿನ್ನ ಕಚೇರಿಯಲ್ಲಿ ನೀನು ಚಹಾ ಕೊಟ್ಟೆ, ಹಳೆಯ ಗೆಳೆಯನೆಂದು ಬಾಗಿಲು ಮುಂದೆ ಮಾಡಿದೆ, ಹೇಳಿದೆ. ಆ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. “ಪಟ್ಟಿಯಾಗ ಖೇಡದ್ದು ಜಾಗಾ ಖಾಲಿ ಇತ್ತು ರೇವಣ್ಣ. ಖಾಲಿ ಬಿಟ್ರ ಕಂಪ್ಯೂಟರ್ ಮುಂದಕ್ಕ ಹೋಗಂಗಿಲ್ಲ. ಅದಕ್ಕ ನಮ್ಮವರು ಒಂದು ಸಣ್ಣ ಅಂಕಿ ತುಂಬ್ಯಾರ. ಖೇಡ ಅಂದಮ್ಯಾಲ ಇನ್ನೇನು ತುಂಬಬೇಕು ಹೇಳು?” ಆಮೇಲೆ ನನ್ನ ಮುಖ ನೋಡಿ, “ಸುಳ್ಳು ಆಸೆ ಹಚ್ಚಬಾರದಪಾ. ನಾಳೆ ಅಳೋರು ಅವರ ಮನಿಯವರು, ನಾವಲ್ಲ” ಎಂದೆ.

ನಿನ್ನ ಕಡೆಯ ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಆ ಬಾಗಿಲು ಚಿಕ್ಕದು, ಭವಾನಿ ಒಳಗೆ ಹೋಗದೆಯೂ ಇರಬಹುದು. ಆದರೆ ಸುಳ್ಳು ಆಸೆ ಎಷ್ಟು ಸುಳ್ಳೋ, ಸುಳ್ಳು ನಿರಾಸೆಯೂ ಅಷ್ಟೇ ಸುಳ್ಳು. ಹೊರಗೆ ಬಂದಾಗ ನಿನ್ನ ಬಾಗಿಲ ಮೇಲಿನ ಫಲಕ ಓದಿದೆ: ‘ನಾವು ಕಳಿಸಿದವರಲ್ಲಿ ಬಹುಪಾಲು ಜನರಿಗೆ ಸೀಟು ಖಾತ್ರಿ.’ ಕೆಂಪಿನವರನ್ನೆಲ್ಲ ಕಳಿಸದೆ ಕೂರಿಸಿದರೆ ಆ ಫಲಕ ಎಂದೂ ಸುಳ್ಳಾಗುವುದಿಲ್ಲ. ಖೇಡದಿಂದ ಯಾರೂ ಹೋಗಿಲ್ಲ, ಆದ್ದರಿಂದ ಯಾರೂ ಹಾಕಬಾರದು. ಯಾರೂ ಹಾಕುವುದಿಲ್ಲ, ಆದ್ದರಿಂದ ಯಾರೂ ಹೋಗುವುದಿಲ್ಲ. ಈ ಗಾಣಕ್ಕೆ ನಮ್ಮೂರ ಮಕ್ಕಳನ್ನು ಕಟ್ಟಿದವನು ನಮ್ಮೂರಿನವನೇ ಎಂಬುದು ನನ್ನನ್ನು ಕೂರಗೊಡುತ್ತಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ನಮಗಿಬ್ಬರಿಗೂ ಮೀಸೆ ಚಿಗುರುವ ಕಾಲ. ನಿಮ್ಮಪ್ಪ ಮಾಳಿಂಗಪ್ಪ ಕಾಕಾ ಖೇಡದ ಅಡತಿ ಮಂಡಿಯಲ್ಲಿ ತೊಗರಿಯ ಹರಾಜು ಕೂಗುತ್ತಿದ್ದರು. ಮೊಗುಡಂಪಲ್ಲಿಯ ಗಾಡಿ ಬಂತು. ಹಿಂದಿನ ವರ್ಷ ಆ ಕಡೆಯ ಮಾಲಿಗೆ ಹುಳ ಬಿದ್ದಿತ್ತು. ಚೀಲ ಇಳಿಯುವ ಮೊದಲೇ ನೀನು, “ಮೊಗುಡಂಪಲ್ಲಿ ಮಾಲು, ಹುಳುಕು ಮಾಲು!” ಎಂದು ಕೂಗಿದೆ. ಖರೀದಿದಾರರು ಹಿಂದೆ ಸರಿದರು. ಗಾಡಿಯವನ ಮುಖ ನನಗಿನ್ನೂ ಕಣ್ಣ ಮುಂದಿದೆ. ಕಾಕಾ ನಿನಗೆ ಹೊಡೆಯಲಿಲ್ಲ. ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆಯುವ ಚೂಪು ಕೊಳವೆ, ಪರಖಿ, ಅದನ್ನು ತಂದು ನಿನ್ನ ಕೈಗಿಟ್ಟರು. “ಚುಚ್ಚಲೇ. ಮ್ಯಾಲ, ನಡುವ, ತಳಕ್ಕ. ಅಂಗೈಮ್ಯಾಲ ಹಾಕ್ಕೊಂಡು ಎಲ್ಲಾರಿಗೂ ತೋರ್ಸು” ಎಂದರು. ನೀನು ಚುಚ್ಚಿದೆ. ತೂತು ಬಿದ್ದ ಕಾಳು ಒಂದೂ ಇರಲಿಲ್ಲ. “ಊರು ಕೇಳಿ ಮಾಲು ಕೆಡಿಸಿದಿ. ಕೂಗಿ ಹೇಳಿದ್ದು, ಕೂಗೇ ವಾಪಸ್ ತಗೋ” ಎಂದರು. ಕಿವಿ ಕೆಂಪು ಮಾಡಿಕೊಂಡು ನೀನು ಅಡತಿಯ ನಡುವೆ ನಿಂತು ಕೂಗಿದೆ. ಆಮೇಲೆಯೇ ಹರಾಜು ಮುಂದುವರಿಯಿತು. ನಮ್ಮ ಅಡತಿಯ ರಿವಾಜು ಅದು, ಇಂದಿಗೂ ಅದೇ. ಮಾಲಿನ ಹೆಸರು ಕೆಡಿಸಿದವನು ಸಭೆಯ ಎದುರೇ ಚುಚ್ಚಿ ತೋರಿಸಬೇಕು, ತೋರಿಸಲಾಗದಿದ್ದರೆ ಸಭೆಯ ಎದುರೇ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು.

ಭವಾನಿಯ ಚೀಲಕ್ಕೆ ನೀನು ಎಲ್ಲಿ ಚುಚ್ಚಿದೆ, ವೀರಭದ್ರ? ಒಂದು ಲೆಕ್ಕ ಕೊಟ್ಟು ನೋಡಿದೆಯಾ? ಒಂದು ಮಾತು ಕೇಳಿದೆಯಾ? ಊರ ಹೆಸರು ಓದಿದೆ, ಕೂಗಿದೆ.

ಬರುವ ಭಾನುವಾರ ಬೆಳಿಗ್ಗೆ ಅದೇ ಕಲ್ಯಾಣ ಮಂಟಪವನ್ನು ನಮ್ಮ ವ್ಯಾಪಾರಿಗಳ ಸಂಘ ಹಿಡಿದಿದೆ. ಅಂದು ಬಂದಿದ್ದ ಪ್ರತಿ ಮನೆಗೂ ಹೇಳಿ ಕಳಿಸಿದ್ದೇನೆ. ಬಂಡೆಪ್ಪ ಹಿಂಡನ್ನು ಅಣ್ಣನಿಗೆ ಒಪ್ಪಿಸಿ ಬರುತ್ತಾನೆ, ಸುಭದ್ರಮ್ಮ ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಹಟ ಹಿಡಿದಿದ್ದಾಳೆ. ನಿನ್ನ ಪರದೆ ಬೇಡ. ಮೈಕು ಇರುತ್ತದೆ. ನಾನು ನಿನ್ನನ್ನು ಬಯ್ಯುವುದಿಲ್ಲ, ಬೇರೆಯವರಿಗೂ ಬಯ್ಯಗೊಡುವುದಿಲ್ಲ, ನೀನು ನನ್ನ ಬಾಲ್ಯದ ಗೆಳೆಯ. ನಿನ್ನ ಮನೆ ತುಂಬಿರಲಿ, ನಿನ್ನ ಮಕ್ಕಳು ಮೊಮ್ಮಕ್ಕಳು ಬೇಕಾದ ಬಾಗಿಲನ್ನು ತಟ್ಟುವಂತಾಗಲಿ, ಶಿವ ನಿನ್ನ ಗಂಟಲನ್ನು ಗಟ್ಟಿಯಾಗಿಡಲಿ. ಅವಳಿಗೆ ಸೀಟು ಸಿಗಲಿ, ಬಿಡಲಿ, ಅದು ಅವಳಿಗೂ ಆ ವಿಶ್ವವಿದ್ಯಾಲಯಕ್ಕೂ ಬಿಟ್ಟದ್ದು. ಚಹಾದ ಮುಂದೆ, ಬಾಗಿಲು ಮುಂದೆ ಮಾಡಿ ನನಗೆ ಒಪ್ಪಿಕೊಂಡದ್ದನ್ನು ಭಾನುವಾರ ಮೈಕಿನ ಮುಂದೆ ನಿಂತು ಒಪ್ಪಿಕೋ. ಭವಾನಿ ಮತ್ತೆ ಏಳುತ್ತಾಳೆ, ಅದೇ ಪ್ರಶ್ನೆ ಕೇಳುತ್ತಾಳೆ. ಈ ಸಲ ಅವಳನ್ನು ಕೂರಿಸಬೇಡ. ಊರಿಗೆಲ್ಲ ಕೇಳುವ ಹಾಗೆ ಹೇಳು: ಯಾರೂ ಅರ್ಜಿಯೇ ಹಾಕದ ಊರಿಗೆ ಆ ನಾಲ್ಕು ಎಲ್ಲಿಂದ ಬಂತು?

ಮೂರನೇ ಸಾಲಿನಲ್ಲಿ ಕಾಯುತ್ತಿರುವ,
ನಿನ್ನ ರೇವಣ್ಣ