ಆನೆಮರಿ ಎಂಬ ಹೊಸ ವಿಧ

ಕಿಲಿಮಾನಿ, ನೈರೋಬಿ

ಮಾನ್ಯ ಹಿಲರಿಯವರಿಗೆ,

ಹೊಸದಾಗಿ ಸೇರಿದ ವಾಂಬುಯಿ ಓದಬಾರದೆಂದೇ ಇದನ್ನು ಕಚೇರಿಯಲ್ಲಿ ನಮ್ಮಿಬ್ಬರಿಗಷ್ಟೇ ಬರುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅನಾಥ ಆನೆಮರಿಗಳ ನಮ್ಮ ಆಶ್ರಯಧಾಮದ ಸಾಫ್ಟ್‌ವೇರ್‌ನಲ್ಲಿ ‘ವ್ಯಕ್ತಿ’, ‘ವಸ್ತು’ ಎಂಬ ಎರಡೇ ವಿಧದ ದಾಖಲೆಗಳಿದ್ದವು. ಮರಿಗಳನ್ನು ನಾನು ಜೀಪು, ಬಕೆಟ್ಟುಗಳ ಜೊತೆ ‘ವಸ್ತು’ವಿಗೇ ಸೇರಿಸುತ್ತಿದ್ದೆ. ಬೇರೆ ದಾರಿಯಿಲ್ಲವೆಂದು ನಂಬಿದ್ದೆ. ವಾಂಬುಯಿ ಬಂದವಳೇ ‘ಆನೆಮರಿ’ ಎಂಬ ಹೊಸ ವಿಧವನ್ನೇ ಸೃಷ್ಟಿಸಿದಳು. ಮರಿಯ ಹೆಸರು, ಸಿಕ್ಕಿದ ಕಾಡು, ಯಾರ ಕೈಯಲ್ಲಿ ಹಾಲು ಕುಡಿಯುತ್ತದೆ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಇಷ್ಟು ವರ್ಷಗಳಲ್ಲಿ ನನಗೆಂದೂ ತಟ್ಟಿದ್ದಿಲ್ಲ.

ಅವಳ ಕೆಲಸದಲ್ಲಿ ತಪ್ಪು ಹುಡುಕಲು ವಾರವಿಡೀ ಕೂತೆ. ಒಂದೂ ಸಿಗಲಿಲ್ಲ.

ಹಾಗಾಗಿ ಒಂದು ಕೋರಿಕೆ. ಅವಳ ಬಳಿ ಕೂತು ಹೊಸ ವಿಧ ಸೃಷ್ಟಿಸುವುದನ್ನು ಕಲಿಯಬೇಕೆಂದು ಎಲ್ಲರೆದುರು ನನಗೆ ಆಜ್ಞೆ ಮಾಡಿ. ನಾನಾಗಿ ಹೋಗಿ ಕೇಳಲಾರೆ.

ಇಂತಿ ನಿಮ್ಮ ಕಚೇರಿಯ,
ಫ್ರೀಡಾ