ಅಕ್ಕ-ತಮ್ಮನಿಗೆ ಒಂದೇ ಮಾತ್ರೆ

ಮೊಳಕಾಲ್ಮೂರು
14-11-1996

ಪ್ರೀತಿಯ ತಮ್ಮ ದುರುಗೇಶನಿಗೆ ಅಕ್ಕನ ಮನಸಾರೆ ಆಶೀರ್ವಾದ.

ಸೊಲ್ಲಾಪುರದ ನೀರು ಈಗಲಾದರೂ ಮೈಗೆ ಹಿಡಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ತಳ್ಳುತ್ತೀಯೋ? ಗಿರಣಿ ಕೆಲಸಕ್ಕೆ ಬೆರಳು ಬಿಗಿಯುತ್ತವೆ ಎಂದು ಬರೆದಿದ್ದೆ, ಎಣ್ಣೆ ಹಚ್ಚಿಕೊಂಡೆಯಾ? ನೀನೆಲ್ಲಿ ಹಚ್ಚಿಕೊಳ್ಳುತ್ತೀಯ, ಸೋಮಾರಿ!

ಇನ್ನು ನನ್ನ ಕೈಯ ವಿಷಯ. ಗಾಬರಿಯಾಗಬೇಡ, ಈಗ ವಾಸಿ. ಯುಗಾದಿಗೂ ಮುಂಚಿನಿಂದ ಚಳ್ಳಕೆರೆ ಎಣ್ಣೆ ಮಿಲ್ಲಿನ ಲಾರಿಯವನ ಕೈಲಿ ನನಗೂ ಬಿ.ಪಿ. ಇದೆಯೆಂದು ನಿನ್ನ ಬಿ.ಪಿ. ಮಾತ್ರೆಯನ್ನೇ ಕಳಿಸುತ್ತಿದ್ದೆಯಲ್ಲ. "ಒಂದೇ ಹೊಟ್ಟೇಲಿ ಹುಟ್ಟಿದೋರಿಗೆ ಒಂದೇ ಮಾತ್ರೆ ಸಾಕು ಕಣಕ್ಕ" ಎಂದವನು ನೀನು, ತಲೆಯಾಡಿಸಿ ನುಂಗಿದವಳು ನಾನು. ಶ್ರಾವಣದಲ್ಲಿ ಜ್ವರ ಹಿಡಿಯಿತು, ಕೆನ್ನೆ ಕೆಂಪಾಯಿತು, ಬೆರಳ ಗೆಣ್ಣೆಲ್ಲ ಊದಿತು. ಲಾಳಿ ಹಿಡಿಯಲಾಗದೆ ಮಗ್ಗದ ಮುಂದೆ ಕೂತು ಅತ್ತುಬಿಟ್ಟೆ ಕಣೋ. ಹದಿಮೂರನೇ ವಯಸ್ಸಿನಿಂದ ರೇಷ್ಮೆ ನೇಯ್ದ ಕೈ, ಅದೇ ಹೋದರೆ ನನ್ನಲ್ಲಿ ಇನ್ನೇನಿದೆ?

ಪಕ್ಕದ ಮನೆಯ ಪಾಪಕ್ಕ ಮುಖ ನೋಡಿದ್ದೇ, "ಅಮ್ಮ ಬಂದವ್ಳೆ ಕಣೆ, ಮಾತ್ರೆ ಗೀತ್ರೆ ಮುಟ್ಟಬ್ಯಾಡ" ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸಿದಳು. ಮೂರು ವಾರಕ್ಕೆ ಜ್ವರ ಇಳಿಯಿತು, ಬೆರಳು ಮಡಚಲು ಬಂದವು. ಗೌರಸಮುದ್ರದ ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ಬಂದು ಮತ್ತೆ ಮಾತ್ರೆ ಶುರು ಮಾಡಿದೆ. ಹತ್ತೇ ದಿನಕ್ಕೆ ಕೈ ಮತ್ತೆ ಊದಿತು! ಪಾಪಕ್ಕ "ಎಡೇಲಿ ಏನೋ ಲೋಪ ಆಗೈತೆ" ಎಂದು ಪಟ್ಟು ಹಿಡಿದಳು.

ಚಳ್ಳಕೆರೆ ಡಾಕ್ಟರು ಇದೆಲ್ಲ ಕೇಳಿ ನಕ್ಕುಬಿಟ್ಟರು. "ನಿಮ್ಮ ಮಾರಮ್ಮ ಮಾತ್ರೆ ಬಿಡಿಸಿದ್ದೇ ಒಳ್ಳೇದಾಯ್ತು ಬಿಡಮ್ಮ" ಎಂದರು. ರಕ್ತ ಬೆಂಗಳೂರಿಗೆ ಹೋಗಿ ಬಂತು. ಲೂಪಸ್ ಎಂಬ ಕಾಯಿಲೆಯಂತೆ, ನನಗೆ ಆ ಮಾತ್ರೆಯಿಂದಲೇ ಬಂದದ್ದಂತೆ. ರೋಗದ ಮೇಲೆ ಬೀಳಬೇಕಾದ ಪ್ರತಿಕಾಯಗಳು ನಮ್ಮದೇ ಜೀವಕೋಶದ ತಿರುಳಿನ ಮೇಲೆ ಬೀಳುತ್ತವಂತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಎಲ್ಲರಿಗೂ ಹೀಗಾಗುವುದಿಲ್ಲವಂತೆ, ಕೆಲವರ ಮೈಗೆ ಮಾತ್ರ ಆಗಿಬರುವುದಿಲ್ಲ. ಈಗ ಬೇರೆ ಮಾತ್ರೆ ಕೊಟ್ಟಿದ್ದಾರೆ. ನಿನ್ನೆ ಒಂದು ಗೇಣು ಸೆರಗು ನೇಯ್ದೆ. ಪಾಪಕ್ಕ ಮಾತ್ರ ಗೆದ್ದವಳು ತಾನೇ ಎಂದು ಓಣಿಗೆಲ್ಲ ಸಾರುತ್ತಿದ್ದಾಳೆ.

ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ ಕಣಪ್ಪ. ಕಡಲೆ ಮಿಠಾಯಿಯನ್ನೂ ಅರ್ಧ ಕಚ್ಚಿ ಅಕ್ಕನಿಗೆ ಎತ್ತಿಡುತ್ತಿದ್ದವನು ನೀನು. ಅಂಥ ತಮ್ಮ ಯಾರಿಗಿದ್ದಾನೆ ಹೇಳು. ತಣ್ಣಗಿರು, ನೂರು ವರ್ಷ ಬಾಳು.

ನಿನ್ನ ಅಕ್ಕ,
ಶಾಂತಕುಮಾರಿ

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನ ಬೆರಳು ನೆನಪಾಗಿ ಕಾಗದ ಮತ್ತೆ ಹೊರಗೆ ತೆಗೆದೆ. ನನಗೂ ಹೀಗೇ ಬೆರಳು ಬಿಗಿದಿದ್ದವು ಕಣೋ. ನೀನೂ ಅದೇ ಮಾತ್ರೆ ನುಂಗುತ್ತಿದ್ದೀಯಲ್ಲ! ಅದು ಗಿರಣಿ ಕೆಲಸದ ನೋವಲ್ಲವೇನೋ. ನೀನಾಗಿಯೇ ಬಿಡಲೂ ಬೇಡ, ಈ ಕಾಗದ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗು. ನಾವು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಮರೆಯಬೇಡ.